ಹಾಲಿನ ಹಾದಿ

‘ಹಾಲಿದ್ದಾಗಲೇ ಹಬ್ಬ ಮಾಡು’ ಎಂಬುದು ಕನ್ನಡದ ಹಳೆಯ ಗಾದೆ. ಅನುಕೂಲ ಒದಗಿದಾಗಲೇ ಕಾರ್ಯವನ್ನು ಸಾಧಿಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಆದರೆ ಗಾದೆಯ ನೇರವಾದ ಅರ್ಥದಲ್ಲಿಯೂ ಒಂದು ಸತ್ಯವುಂಟು. ಹಾಲು ಯಾರಿಗಾಗಿಯೂ ಕಾದುಕೊಂಡಿರುವ ವಸ್ತುವಲ್ಲ. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದು. ಹತ್ತಿಯನ್ನು ಬೆಲೆ ಏರುವ ತನಕ ಕೂಡಿಡಬಹುದು. ಕರೆದ ಹಾಲಾದರೋ ಬೇಸಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಕೆಡುವ ಸರಕನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಯದು? ಕೊಳ್ಳುವವನು ಹೇಳಿದ್ದೇ ಬೆಲೆ, ಅಳೆದದ್ದೇ ಅಳತೆ. ಒಂದೆರಡು ಎಮ್ಮೆಗಳನ್ನು ಸಾಕಿಕೊಂಡ ಬಡ ರೈತನ ಪಾಡು ಬಹುಕಾಲ ಹೀಗೆಯೇ ಇತ್ತು.

ಅಂತಹ ರೈತರೇ ಒಂದುಗೂಡಿ ದೊಡ್ಡದೊಂದು ಉದ್ಯಮದ ಒಡೆಯರಾದುದು ಹೇಗೆ? ಯಂತ್ರಗಳು ಬಂದುದರಿಂದ ಎಂದು ಕೆಲವರು ಹೇಳುತ್ತಾರೆ. ಜನರು ಸಂಘಟಿತರಾದುದರಿಂದ ಎಂದು ಬೇರೆ ಕೆಲವರು ಹೇಳುತ್ತಾರೆ. ಎರಡೂ ಅರ್ಧ ಸತ್ಯಗಳು. ಯಂತ್ರಕ್ಕೆ ತಕ್ಕ ವ್ಯವಸ್ಥೆ, ವ್ಯವಸ್ಥೆಗೆ ತಕ್ಕ ಯಂತ್ರ, ಇವೆರಡೂ ಒಂದನ್ನೊಂದು ರೂಪಿಸಿಕೊಳ್ಳುತ್ತಾ ಬೆಳೆದಾಗ ಮಾತ್ರ ಉದ್ಯಮವು ಊರ್ಜಿತವಾಗುತ್ತದೆ. ಆಧುನಿಕ ಉದ್ಯಮಗಳ ಆಡಳಿತವನ್ನು ಅರಿಯಲು ಈ ಸಂಬಂಧವನ್ನು ಅರಿಯುವುದು ಅಗತ್ಯ.

ಈ ಮಾತು ಹಾಲಿಗೆ ಮಾತ್ರ ಅನ್ವಯಿಸುವುದಲ್ಲ. ಹಿಂದೆ ಅಂಗಡಿಯ ಒಡೆಯನೇ ಸರಕು ಕೊಳ್ಳುತ್ತಿದ್ದ, ಮಾರುತ್ತಿದ್ದ, ಲೆಕ್ಕ ಬರೆಯುತ್ತಿದ್ದ. ಎಲ್ಲವೂ ಅವನ ಕಣ್ಣಳತೆಯಲ್ಲಿ ನಡೆಯುತ್ತಿದ್ದುದರಿಂದ ಆಡಳಿತವೆಂಬ ಪ್ರತ್ಯೇಕ ವಿದ್ಯೆಯ ಅಗತ್ಯ ಅಷ್ಟಾಗಿ ತೋರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿ ಬಂದಾಗ ಪರಿಸ್ಥಿತಿ ಬದಲಾಯಿತು. ಅಮೆರಿಕದ ನ್ಯೂಯಾರ್ಕ್ ಮತ್ತು ಈರಿ ರೈಲ್ವೆಯ ಹಾದಿ ಸುಮಾರು 800 ಕಿಲೋಮೀಟರಿನಷ್ಟು ಉದ್ದವಿತ್ತು. ಅದರ ಮೇಲ್ವಿಚಾರಕನಾಗಿದ್ದ ಡೇನಿಯಲ್ ಮೆಕ್ಕಾಲಮ್ ಎಂಬಾತನಿಗೆ ಒಂದು ವಿಷಯ ಮನದಟ್ಟಾಯಿತು. ಚಿಕ್ಕದೊಂದು ರೈಲುಹಾದಿಯನ್ನು ಒಬ್ಬ ದಕ್ಷ ಅಧಿಕಾರಿ ತಾನೇ ಓಡಾಡಿ ನೋಡಿಕೊಳ್ಳಬಲ್ಲ. ಅದರ ಹತ್ತರಷ್ಟು ಉದ್ದದ ಹಾದಿಯನ್ನು ಯಾವ ದಕ್ಷನೂ ಹಾಗೆ ನೋಡಿಕೊಳ್ಳಲಾರ. ಆದುದರಿಂದ 1855ರಲ್ಲಿ ಆತನು ಯಾರ ಹೊಣೆ ಯಾವುದು, ಯಾರು ಯಾರಿಗೆ ವರದಿ ಒಪ್ಪಿಸಬೇಕು ಎಂಬುದನ್ನು ತೋರಿಸುವ ನಕ್ಷೆಯೊಂದನ್ನು ಸಿದ್ಧಪಡಿಸಿದನು. ಅದು ಮರದ ಆಕಾರದಲ್ಲಿತ್ತು. ಬುಡದಲ್ಲಿ ನಿರ್ದೇಶಕ ಮಂಡಳಿ, ರೆಂಬೆಕೊಂಬೆಗಳಲ್ಲಿ ನಾನಾ ವಿಭಾಗಗಳ ನೌಕರರು. ಆಗತಾನೆ ಬಳಕೆಗೆ ಬಂದಿದ್ದ ತಂತಿಯ ಮೂಲಕ ದೂರದ ನಿಲ್ದಾಣಗಳ ಸುದ್ದಿ ಕಚೇರಿಗೆ ತಲಪುತ್ತಿತ್ತು. ಒಂದು ಹೊಸ ಯಂತ್ರವು ಹೊಸ ಆಡಳಿತ ಕ್ರಮವನ್ನು ಬೇಡಿತು. ಆ ಕ್ರಮವನ್ನು ಇನ್ನೊಂದು ಹೊಸ ಯಂತ್ರವು ಸಾಧ್ಯಗೊಳಿಸಿತು.

ಭಾರತದ ಹಾಲಿನ ಉದ್ಯಮದಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ಆದರೆ ಇಲ್ಲಿಯ ಮರದ ಬೇರು ಬೇರೆಯ ನೆಲದಲ್ಲಿದೆ.

ಗುಜರಾತಿನ ಖೇಡಾ ಜಿಲ್ಲೆ ಹಿಂದಿನಿಂದಲೂ ಎಮ್ಮೆಯ ಹಾಲಿಗೆ ಹೆಸರಾದ ಪ್ರದೇಶ. ಅಲ್ಲಿಯ ಆನಂದ್ ಪಟ್ಟಣದಲ್ಲಿ ಪೋಲ್ಸನ್ ಎಂಬ ಖಾಸಗಿ ಡೈರಿಯಿತ್ತು. 1945ರಲ್ಲಿ ಮುಂಬಯಿ ಸರ್ಕಾರವು ನಗರಕ್ಕೆ ಹಾಲು ಒದಗಿಸುವ ಯೋಜನೆಯನ್ನು ಆರಂಭಿಸಿ, ಆನಂದದ ಸುತ್ತಲಿನ ಹಾಲನ್ನು ಕೊಂಡು ಕಳುಹಿಸುವ ಹಕ್ಕನ್ನು ಈ ಡೈರಿಗೆ ವಹಿಸಿತು. ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮುಂಬಯಿಗೆ ಹಾಲು ಕೆಡದಂತೆ ತಲಪುವುದು ಪಾಶ್ಚರೀಕರಣದಿಂದ ಸಾಧ್ಯವಾಯಿತು. ಯಂತ್ರ ತನ್ನ ಕೆಲಸವನ್ನು ಮಾಡಿತು. ಆದರೆ ಅದರ ಲಾಭ ರೈತನಿಗೆ ಮುಟ್ಟಲಿಲ್ಲ. ಡೈರಿಗೂ ರೈತನಿಗೂ ನಡುವೆ ಗುತ್ತಿಗೆದಾರರಿದ್ದರು. ನಗರದಲ್ಲಿ ಹಾಲಿನ ಬೆಲೆ ಏರಿದರೂ ಹಳ್ಳಿಯಲ್ಲಿ ಅದು ಏರಲಿಲ್ಲ.

ರೈತರು ಸರ್ದಾರ್ ವಲ್ಲಭಭಾಯಿ ಪಟೇಲರಲ್ಲಿಗೆ ಹೋಗಿ ತಮ್ಮ ಕಷ್ಟವನ್ನು ತೋಡಿಕೊಂಡರು. ನಿಮ್ಮ ಹಾಲನ್ನು ನೀವೇ ಮಾರಿರಿ, ಅದಕ್ಕಾಗಿ ಸಹಕಾರ ಸಂಘ ಕಟ್ಟಿರಿ ಎಂಬುದು ಅವರ ಸಲಹೆ. 1946ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಸಮರ್ಖಾ ಗ್ರಾಮದಲ್ಲಿ ರೈತರ ಸಭೆ ಸೇರಿತು. ಊರೂರಿನಲ್ಲಿಯೂ ಸಂಘ ಕಟ್ಟುವುದೆಂದು ತೀರ್ಮಾನವಾಯಿತು. ಸರ್ಕಾರ ಒಪ್ಪದಿದ್ದಾಗ ರೈತರು ಹದಿನೈದು ದಿನ ಡೈರಿಗೆ ಹಾಲು ಕೊಡುವುದನ್ನು ನಿಲ್ಲಿಸಿದರು. ದಿನದ ಹಾಲಿನ ಹಣದಿಂದಲೇ ದಿನ ದೂಡುತ್ತಿದ್ದ ಸಂಸಾರಗಳಿಗೆ ಇದು ಸಣ್ಣ ತ್ಯಾಗವಾಗಿರಲಿಲ್ಲ. ಕಡೆಗೆ ಸರ್ಕಾರ ಮಣಿಯಿತು. 1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಒಕ್ಕೂಟವು ನೋಂದಣಿಯಾಯಿತು. ಗಾಂಧೀವಾದಿಯಾದ ತ್ರಿಭುವನದಾಸ್ ಪಟೇಲರು ಅದರ ಅಧ್ಯಕ್ಷರಾದರು. 1948ರ ಜೂನ್ ತಿಂಗಳಲ್ಲಿ ಹಾಲು ಕಳುಹಿಸುವ ಕೆಲಸ ಆರಂಭವಾದಾಗ ಇದ್ದುದು ಎರಡು ಹಳ್ಳಿಗಳ ಸಂಘಗಳು. ದಿನವೊಂದಕ್ಕೆ ದೊರೆಯುತ್ತಿದ್ದುದು ಸುಮಾರು 250 ಲೀಟರ್ ಹಾಲು.

ಸಂಘವೇನೋ ಹುಟ್ಟಿತು. ಆದರೆ ಒಗ್ಗಟ್ಟೊಂದರಿಂದಲೇ ಹಾಲು ಕೆಡದೆ ಉಳಿಯುವುದಿಲ್ಲ. ಹಳೆಯ ಯಂತ್ರಗಳು ಪದೇ ಪದೇ ನಿಲ್ಲುತ್ತಿದ್ದುವು. ಆ ಸಮಯದಲ್ಲಿ, ಎಂದರೆ 1949ರಲ್ಲಿ, ವರ್ಗೀಸ್ ಕುರಿಯನ್ ಎಂಬ ತರುಣ ಇಂಜಿನಿಯರು ಸರ್ಕಾರಿ ನೌಕರಿಯ ಮೇಲೆ ಆನಂದಕ್ಕೆ ಬಂದರು. ಕೇರಳದ ಕಲ್ಲಿಕೋಟೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಿದ್ದ ಅವರು, ಅಲ್ಲಿಗೆ ಹೋಗುವ ಮೊದಲು ಬೆಂಗಳೂರಿನ ಕ್ಷೀರ ಸಂಸ್ಥೆಯಲ್ಲಿಯೂ ಕೆಲಕಾಲ ತರಬೇತಿ ಪಡೆದಿದ್ದರು. ತ್ರಿಭುವನದಾಸರ ಕೋರಿಕೆಯಂತೆ ಒಕ್ಕೂಟದ ಯಂತ್ರಗಳನ್ನು ಸರಿಪಡಿಸಲು ನೆರವಾದ ಕುರಿಯನ್, ಬಳಿಕ ಸರ್ಕಾರಿ ಹುದ್ದೆಯನ್ನು ಬಿಟ್ಟು ರೈತರ ನೌಕರರಾಗಿಯೇ ನಿಂತರು. ಅವರ ಜೊತೆಗೆ ಕ್ಷೀರತಂತ್ರಜ್ಞರಾದ ಹರಿಚಂದ್ ಮೇಘಾ ದಲಾಯ ಅವರೂ ಸೇರಿದರು. ರೈತರ ವಿಶ್ವಾಸ ಗಳಿಸಿದ ಒಬ್ಬ ನಾಯಕ, ಆಡಳಿತದಲ್ಲಿ ಕುಶಲನಾದ ಒಬ್ಬ ವ್ಯವಸ್ಥಾಪಕ, ಯಂತ್ರದ ಮರ್ಮ ಬಲ್ಲ ಒಬ್ಬ ತಜ್ಞ, ಈ ಮೂವರ ಕೂಟ ಮುಂದಿನ ಬೆಳವಣಿಗೆಗೆ ಬುನಾದಿಯಾಯಿತು.

ಒಕ್ಕೂಟ ಬೆಳೆದಂತೆ ಹೊಸದೊಂದು ಸಂಕಟ ತಲೆದೋರಿತು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುತ್ತವೆ; ಬೇಸಗೆಯಲ್ಲಿ ಅದು ಬಹಳ ಇಳಿದುಹೋಗುತ್ತದೆ. ನಗರದ ಬೇಡಿಕೆಯಾದರೋ ವರ್ಷವಿಡೀ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ. ಚಳಿಗಾಲದ ಹೆಚ್ಚಿನ ಹಾಲನ್ನು ಮುಂಬಯಿ ಕೊಳ್ಳದಿದ್ದರೆ ಒಕ್ಕೂಟವೂ ರೈತನಿಗೆ ‘ಇಂದು ಹಾಲು ಬೇಡ’ ಎನ್ನಬೇಕಾಗುತ್ತಿತ್ತು. ಹಾಗೆ ಹೇಳಿದ ದಿನ ರೈತನು ಮತ್ತೆ ಗುತ್ತಿಗೆದಾರನ ಬಾಗಿಲಿಗೆ ಹೋಗುತ್ತಿದ್ದನು. ಯಾವ ಋತುವಿನಲ್ಲಿಯೂ ಸದಸ್ಯನ ಹಾಲನ್ನು ತಿರಸ್ಕರಿಸದಿರುವುದೇ ಸಂಘದ ಪ್ರಾಣ. ಆ ಮಾತನ್ನು ಉಳಿಸಿಕೊಳ್ಳಲು ಇದ್ದ ದಾರಿ ಒಂದೇ: ಹೆಚ್ಚಾದ ಹಾಲನ್ನು ಪುಡಿಮಾಡಿ ಇಟ್ಟುಕೊಳ್ಳುವುದು.

ಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಆಗಿದೆ. ಹಾಲನ್ನು ಗಟ್ಟಿಗೊಳಿಸಿ, ಬಿಸಿಗಾಳಿ ತುಂಬಿದ ಕೋಣೆಯೊಳಕ್ಕೆ ಸೂಕ್ಷ್ಮವಾದ ತುಂತುರಾಗಿ ಚಿಮ್ಮಿಸಿದರೆ, ಹನಿಗಳಲ್ಲಿಯ ನೀರು ಕ್ಷಣದಲ್ಲಿ ಆವಿಯಾಗಿ ಪುಡಿಯು ಕೆಳಗೆ ಉದುರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ವಿಧಾನ ಹಸುವಿನ ಹಾಲಿಗೆ ಬಳಕೆಯಲ್ಲಿತ್ತು. ಎಮ್ಮೆಯ ಹಾಲಿನಲ್ಲಿ ಜಿಡ್ಡಿನ ಅಂಶವೇ ಸುಮಾರು ಶೇಕಡಾ 7ರಷ್ಟಿದೆ. ಅದನ್ನು ಹೀಗೆ ಪುಡಿಮಾಡಲಾಗದು ಎಂಬುದು ವಿದೇಶೀ ತಜ್ಞರ ಅಭಿಪ್ರಾಯವಾಗಿತ್ತು. ಅವರ ನಾಡುಗಳಲ್ಲಿ ಎಮ್ಮೆಯ ಹಾಲಿನ ಪ್ರಶ್ನೆಯೇ ಇರಲಿಲ್ಲವಾದುದರಿಂದ ಉತ್ತರವನ್ನು ಹುಡುಕುವ ಅಗತ್ಯವೂ ಅವರಿಗಿರಲಿಲ್ಲ. ಅಗತ್ಯವಿದ್ದುದು ಖೇಡಾದ ರೈತರಿಗೆ. ದಲಾಯ ಅವರು ಪ್ರಯೋಗಗಳನ್ನು ನಡೆಸಿ ಅದು ಸಾಧ್ಯವೆಂದು ತೋರಿಸಿದರು. ಯುನಿಸೆಫ್ ಸಂಸ್ಥೆ ಮತ್ತು ನ್ಯೂಜಿಲೆಂಡ್ ಸರ್ಕಾರದ ನೆರವಿನಿಂದ ಕಟ್ಟಿದ ಕಾರ್ಖಾನೆಯನ್ನು 1955ರ ಅಕ್ಟೋಬರ್ 31ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಿದ ಜಗತ್ತಿನ ಮೊದಲ ಕಾರ್ಖಾನೆ ಅದು. ಅದರ ಉತ್ಪನ್ನಗಳಿಗೆ ‘ಅಮುಲ್’ ಎಂಬ ಹೆಸರು ಬಂತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಂತ್ರ ಮೊದಲು ಬಂದು ವ್ಯವಸ್ಥೆ ಅದರ ಹಿಂದೆ ಬಂದಿತೆಂಬುದು ಸಾಮಾನ್ಯ ನಂಬಿಕೆ. ಆದರೆ ಇಲ್ಲಿ ನಡೆದುದು ಅದಕ್ಕೆ ವಿರುದ್ಧ. ಸದಸ್ಯರ ಹಾಲನ್ನು ಎಂದೂ ನಿರಾಕರಿಸಕೂಡದೆಂಬ ಸಂಘದ ನಿಯಮವೇ ಹೊಸ ತಂತ್ರವನ್ನು ಹುಟ್ಟಿಸಿತು. ಲಾಭವಷ್ಟೇ ಗುರಿಯಾದ ಸಂಸ್ಥೆಯೊಂದು ಚಳಿಗಾಲದಲ್ಲಿ ಕೊಳ್ಳುವುದನ್ನು ಕಡಮೆ ಮಾಡಿ ಸುಮ್ಮನಿರಬಹುದಾಗಿತ್ತು.

ತಂತ್ರವು ವ್ಯವಸ್ಥೆಯ ಆಕಾರವನ್ನು ನಿರ್ಧರಿಸಿದ ಬಗೆಯೂ ಅಷ್ಟೇ ಸ್ವಾರಸ್ಯವಾಗಿದೆ. ಆನಂದ್ ಮಾದರಿ ಎಂದು ಪ್ರಸಿದ್ಧವಾದ ವ್ಯವಸ್ಥೆಗೆ ಮೂರು ಮೆಟ್ಟಿಲುಗಳಿವೆ. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಜಿಲ್ಲೆಯಲ್ಲಿ ಸಂಘಗಳ ಒಕ್ಕೂಟ, ರಾಜ್ಯದಲ್ಲಿ ಒಕ್ಕೂಟಗಳ ಮಹಾಮಂಡಳ. ಮೆಟ್ಟಿಲುಗಳು ಮೂರೇ ಏಕೆ? ಒಂದೊಂದು ಮೆಟ್ಟಿಲಿನಲ್ಲಿ ನಡೆಯುವ ಕೆಲಸವನ್ನು ನೋಡಿದರೆ ಉತ್ತರ ದೊರೆಯುತ್ತದೆ.

ಮೊದಲನೆಯದು ಅಳತೆ ಮತ್ತು ಪರೀಕ್ಷೆ. ಹಾಲನ್ನು ಬರಿಯ ಅಳತೆಯ ಮೇಲೆ ಕೊಂಡರೆ ನೀರು ಬೆರೆಸುವವನಿಗೆ ಲಾಭ, ಪ್ರಾಮಾಣಿಕನಿಗೆ ನಷ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಮತ್ತು ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬ ವಿಜ್ಞಾನಿಗಳು ಹಾಲಿನ ಜಿಡ್ಡನ್ನು ಅಳೆಯುವ ಸುಲಭ ವಿಧಾನಗಳನ್ನು ಕಂಡುಹಿಡಿದರು. ಗರ್ಬರನ ವಿಧಾನದಲ್ಲಿ ಗಾಜಿನ ನಳಿಕೆಯೊಂದಕ್ಕೆ ಗಂಧಕಾಮ್ಲವನ್ನೂ ಹಾಲನ್ನೂ ಸ್ವಲ್ಪ ಅಮೈಲ್ ಆಲ್ಕೊಹಾಲನ್ನೂ ಹಾಕಿ ವೇಗವಾಗಿ ತಿರುಗಿಸುತ್ತಾರೆ. ಆಗ ಜಿಡ್ಡು ಬೇರ್ಪಟ್ಟು ನಳಿಕೆಯ ಗೆರೆಗಳ ನಡುವೆ ನಿಲ್ಲುತ್ತದೆ. ಅಕ್ಷರ ಬಾರದವನೂ ಅದರ ಎತ್ತರವನ್ನು ಕಣ್ಣಾರೆ ನೋಡಬಲ್ಲ. ಈ ಪರೀಕ್ಷೆ ರೈತನ ಎದುರಿನಲ್ಲಿ, ಅವನ ಊರಿನಲ್ಲಿಯೇ ನಡೆಯಬೇಕು. ದೂರದ ಕಚೇರಿಯಲ್ಲಿ ನಡೆದ ಪರೀಕ್ಷೆಯನ್ನು ಅವನು ನಂಬುವುದು ಹೇಗೆ? ಆದುದರಿಂದ ಮೊದಲ ಮೆಟ್ಟಿಲು ಹಳ್ಳಿಯಲ್ಲಿದೆ.

ಎರಡನೆಯದು ಸಂಸ್ಕರಣೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 15 ಸೆಕೆಂಡುಗಳ ಕಾಲ ಕಾಯಿಸಿ ಕೂಡಲೇ ತಂಪುಗೊಳಿಸುವುದು, ಬೆಣ್ಣೆ ತೆಗೆಯುವುದು, ಪುಡಿಮಾಡುವುದು, ಇವೆಲ್ಲಕ್ಕೂ ಬೆಲೆಬಾಳುವ ಯಂತ್ರಗಳು ಬೇಕು. ಒಂದು ಹಳ್ಳಿಯ ಹಾಲು ಅಂತಹ ಯಂತ್ರವನ್ನು ಅರ್ಧ ಗಂಟೆಯೂ ನಡೆಸಲು ಸಾಲದು. ಹಾಗೆಂದು ಇಡೀ ರಾಜ್ಯದ ಹಾಲನ್ನು ಒಂದೇ ಕಡೆಗೆ ಸಾಗಿಸಹೊರಟರೆ ಅದು ದಾರಿಯಲ್ಲಿಯೇ ಕೆಡುತ್ತದೆ. ಬೆಳಿಗ್ಗೆ ಕರೆದ ಹಾಲು ಕೆಡುವ ಮೊದಲು ಲಾರಿಯು ಎಷ್ಟು ದೂರ ಸಾಗಬಲ್ಲದೋ ಅಷ್ಟೇ ಒಂದು ಕಾರ್ಖಾನೆಯ ಎಲ್ಲೆ. ಅದು ಹೆಚ್ಚುಕಡಮೆ ಒಂದು ಜಿಲ್ಲೆಯಷ್ಟು. ಪಶುವೈದ್ಯರು, ಪಶು ಆಹಾರ, ತಳಿ ಸುಧಾರಣೆ ಮೊದಲಾದ ಸೇವೆಗಳನ್ನು ಒದಗಿಸಲೂ ಈ ಗಾತ್ರವೇ ಅನುಕೂಲ.

ಮೂರನೆಯದು ಮಾರಾಟ. ಜಿಲ್ಲೆಗೊಂದು ಹೆಸರಿನಿಂದ ಎಲ್ಲ ಒಕ್ಕೂಟಗಳೂ ಒಂದೇ ನಗರದಲ್ಲಿ ಪೈಪೋಟಿಗಿಳಿದರೆ ಸೋಲುವವರು ರೈತರೇ. ಒಂದು ಜಿಲ್ಲೆಯಲ್ಲಿ ಹಾಲು ಹೆಚ್ಚಾಗಿ ಇನ್ನೊಂದರಲ್ಲಿ ಕೊರತೆಯಾದಾಗ ಸರಿದೂಗಿಸುವವರೂ ಬೇಕು. ಈ ಕೆಲಸ ರಾಜ್ಯಮಟ್ಟದ ಮಹಾಮಂಡಳದ್ದು. ಗುಜರಾತಿನಲ್ಲಿ ಅದು 1973ರಲ್ಲಿ ಸ್ಥಾಪನೆಯಾಯಿತು. ಹೀಗೆ ಒಂದೊಂದು ಮೆಟ್ಟಿಲಿನ ಎತ್ತರವನ್ನೂ ಹಾಲಿನ ಗುಣ ಮತ್ತು ಯಂತ್ರದ ಗಾತ್ರಗಳೇ ನಿಗದಿಮಾಡಿವೆ.

ಇನ್ನು ಅಧಿಕಾರದ ಮಾತು. ಹತ್ತು ಲೀಟರ್ ಹಾಲು ಹಾಕುವವನಿಗೂ ಒಂದು ಲೀಟರ್ ಹಾಕುವವಳಿಗೂ ಸಂಘದಲ್ಲಿ ಒಂದೇ ಮತ. ಸದಸ್ಯರು ಹಳ್ಳಿಯ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಹಳ್ಳಿಯ ಸಂಘಗಳ ಪ್ರತಿನಿಧಿಗಳು ಒಕ್ಕೂಟದ ಆಡಳಿತವನ್ನೂ, ಒಕ್ಕೂಟಗಳ ಪ್ರತಿನಿಧಿಗಳು ಮಹಾಮಂಡಳದ ಆಡಳಿತವನ್ನೂ ನಡೆಸುತ್ತಾರೆ. ಇಂಜಿನಿಯರು, ಪಶುವೈದ್ಯ, ಲೆಕ್ಕಿಗ, ವ್ಯವಸ್ಥಾಪಕ ಮೊದಲಾದ ತಜ್ಞರು ಅವರಿಂದ ನೇಮಕಗೊಂಡು ಸಂಬಳ ಪಡೆಯುವವರು. ಒಡೆತನವೇ ಬೇರೆ, ದೈನಂದಿನ ನಿರ್ವಹಣೆಯೇ ಬೇರೆ ಎಂಬುದು ಆಧುನಿಕ ಉದ್ಯಮದ ಒಂದು ಮುಖ್ಯ ಲಕ್ಷಣ. ದೊಡ್ಡ ಕಂಪನಿಗಳಲ್ಲಿ ಒಡೆಯರು ಷೇರುದಾರರಾದರೆ ಇಲ್ಲಿ ಒಡೆಯರು ಹಾಲು ಕರೆಯುವವರು. ಮೆಕ್ಕಾಲಮನ ಮರದ ಬುಡದಲ್ಲಿ ನಿರ್ದೇಶಕ ಮಂಡಳಿಯಿತ್ತು. ಈ ಮರದ ಬುಡದಲ್ಲಿ ದನದ ಕೊಟ್ಟಿಗೆಯಿದೆ.

ಯಂತ್ರವಿದ್ದೂ ಇಂತಹ ವ್ಯವಸ್ಥೆ ಇಲ್ಲದಿದ್ದರೆ ಏನಾಗುವುದೆಂಬುದಕ್ಕೂ ನಿದರ್ಶನಗಳಿವೆ. 1950 ಮತ್ತು 1960ರ ದಶಕಗಳಲ್ಲಿ ದೇಶದ ಅನೇಕ ನಗರಗಳಲ್ಲಿ ಸರ್ಕಾರಿ ಡೈರಿಗಳು ತಲೆಯೆತ್ತಿದವು. ಯಂತ್ರಗಳು ಉತ್ತಮವಾಗಿಯೇ ಇದ್ದುವು. ಆದರೆ ಹಳ್ಳಿಯ ಹಾಲು ಸಾಲದೆ ಹಲವು ಡೈರಿಗಳು ವಿದೇಶೀ ಹಾಲಿನ ಪುಡಿಯನ್ನು ಅವಲಂಬಿಸಬೇಕಾಯಿತು. 1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಖೇಡಾ ಜಿಲ್ಲೆಗೆ ಬಂದಾಗ ಹಳ್ಳಿಯ ಮನೆಯೊಂದರಲ್ಲಿ ರಾತ್ರಿ ತಂಗಿ ರೈತರೊಡನೆ ಮಾತನಾಡಿದರು. ಇಲ್ಲಿಯ ಮಣ್ಣು, ಮಳೆ, ಎಮ್ಮೆಗಳು ಬೇರೆಡೆಗಿಂತ ವಿಶೇಷವಾಗಿ ಉತ್ತಮವೇನಲ್ಲ. ಡೈರಿ ರೈತರ ಸ್ವಂತದ್ದಾಗಿರುವುದೇ ಯಶಸ್ಸಿನ ಗುಟ್ಟು ಎಂಬುದನ್ನು ಅವರು ಮನಗಂಡರು. ಅದರ ಫಲವಾಗಿ 1965ರಲ್ಲಿ ರಾಷ್ಟ್ರೀಯ ಕ್ಷೀರಾಭಿವೃದ್ಧಿ ಮಂಡಳಿಯು ಆನಂದದಲ್ಲಿ ಸ್ಥಾಪನೆಯಾಯಿತು. 1970ರಲ್ಲಿ ಆರಂಭವಾಗಿ 1996ರವರೆಗೆ ನಡೆದ ‘ಆಪರೇಷನ್ ಫ್ಲಡ್’ ಯೋಜನೆಯು ಈ ಮಾದರಿಯನ್ನು ದೇಶದಾದ್ಯಂತ ಹರಡಿತು. ಅದನ್ನೇ ಜನರು ಕ್ಷೀರಕ್ರಾಂತಿ ಎಂದು ಕರೆದರು. ಇಪ್ಪತ್ತನೆಯ ಶತಮಾನ ಮುಗಿಯುವ ವೇಳೆಗೆ ಭಾರತವು ಹಾಲಿನ ಉತ್ಪಾದನೆಯಲ್ಲಿ ಜಗತ್ತಿನಲ್ಲಿಯೇ ಮೊದಲ ಸ್ಥಾನಕ್ಕೆ ಬಂದಿತ್ತು.

ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದು 1974ರಲ್ಲಿ ಆನಂದ್ ಮಾದರಿಯ ಸಂಘಗಳಿಗೆ ಅಡಿಪಾಯ ಹಾಕಿತು. 1984ರಲ್ಲಿ ರಾಜ್ಯಮಟ್ಟದ ಹಾಲು ಮಹಾಮಂಡಳವು ರೂಪುಗೊಂಡಿತು. ‘ನಂದಿನಿ’ ಎಂಬ ಹೆಸರಿನಲ್ಲಿ ಮನೆಮನೆಗೆ ಬರುವ ಹಾಲು ಈ ಮೂರು ಮೆಟ್ಟಿಲುಗಳನ್ನು ಹಾದು ಬಂದದ್ದೇ. ಮಳೆಯನ್ನೇ ನಂಬಿದ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬೆಳೆ ಕೈಕೊಟ್ಟ ವರ್ಷವೂ ಒಲೆ ಉರಿದದ್ದು ಹಾಲಿನ ಹಣದಿಂದ.

ಹೀಗೆಂದು ಈ ವ್ಯವಸ್ಥೆ ನಿರ್ದೋಷವೆಂದು ತಿಳಿಯಬೇಕಾಗಿಲ್ಲ. ಹುಲ್ಲು ತರುವವರು, ಹಾಲು ಕರೆಯುವವರು ಬಹುಮಟ್ಟಿಗೆ ಹೆಂಗಸರು. ಆದರೆ ಸದಸ್ಯರ ಪಟ್ಟಿಯಲ್ಲಿ ಬಹುಕಾಲ ಹೆಚ್ಚಾಗಿ ಇದ್ದುದು ಗಂಡಸರ ಹೆಸರು. ಮಹಿಳೆಯರೇ ಸದಸ್ಯರಾಗಿರುವ ಸಂಘಗಳು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಹುಟ್ಟಿಕೊಂಡುದು ಈ ಲೋಪವನ್ನು ತಿದ್ದುವ ಪ್ರಯತ್ನ. ಸದಸ್ಯರು ಸಭೆಗೆ ಬಾರದೆ, ಲೆಕ್ಕ ಕೇಳದೆ ಉದಾಸೀನರಾದರೆ ಸಂಘವು ಕೆಲವರ ಸ್ವತ್ತಾಗುವ ಅಪಾಯವೂ ಉಂಟು.

ಯಂತ್ರಗಳೂ ಬದಲಾಗುತ್ತಿವೆ. ಈಗ ಅನೇಕ ಹಳ್ಳಿಗಳಲ್ಲಿ ಹಾಲನ್ನು 4 ಡಿಗ್ರಿಗೆ ತಂಪುಗೊಳಿಸುವ ದೊಡ್ಡ ತೊಟ್ಟಿಗಳಿವೆ. ಗಣಕಯಂತ್ರಕ್ಕೆ ಜೋಡಿಸಿದ ಉಪಕರಣವು ಕೆಲವೇ ಕ್ಷಣಗಳಲ್ಲಿ ಹಾಲನ್ನು ತೂಗಿ, ಪರೀಕ್ಷಿಸಿ, ಬೆಲೆಯನ್ನು ಚೀಟಿಯಲ್ಲಿ ಅಚ್ಚು ಮಾಡಿಕೊಡುತ್ತದೆ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಸೇರುತ್ತದೆ. ಇದು ಪ್ರಗತಿಯೇ ಸರಿ. ಆದರೆ ಗಾಜಿನ ನಳಿಕೆಯಲ್ಲಿ ಜಿಡ್ಡು ಕಣ್ಣಿಗೆ ಕಾಣುತ್ತಿತ್ತು. ಹೊಸ ಯಂತ್ರದಲ್ಲಿ ಕಾಣುವುದು ಅಂಕಿ ಮಾತ್ರ. ಆ ಅಂಕಿ ಸರಿಯೇ ಎಂದು ಆಗಾಗ ತಾಳೆ ನೋಡುವವರು ಯಾರು, ತಪ್ಪಿದ್ದರೆ ರೈತನು ಯಾರನ್ನು ಕೇಳಬೇಕು ಎಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ವ್ಯವಸ್ಥೆ. ಯಂತ್ರ ಸೂಕ್ಷ್ಮವಾದಷ್ಟೂ ವ್ಯವಸ್ಥೆ ಪಾರದರ್ಶಕವಾಗಬೇಕು.

ಹನಿ ಹನಿ ಕೂಡಿದರೆ ಹಳ್ಳವೆಂಬುದು ನಿಜ. ಆದರೆ ಹಳ್ಳ ಸುಮ್ಮನೆ ಹರಿದುಹೋಗಬಹುದು. ಕಟ್ಟೆ ಕಟ್ಟಿ, ಕಾಲುವೆ ತೋಡಿ, ಸರದಿಯಂತೆ ನೀರು ಬಿಡುವ ಏರ್ಪಾಡು ಇದ್ದಾಗಲೇ ಹೊಲ ನೆನೆಯುವುದು. ತಂತ್ರಜ್ಞಾನವು ಕಟ್ಟೆ ಕಾಲುವೆಗಳಂತೆ; ಸಂಘಟನೆಯು ನೀರಿನ ಸರದಿಯಂತೆ. ಕಾಲುವೆಯನ್ನು ಒಮ್ಮೆ ತೋಡಿದರೆ ಸಾಕಾಗಬಹುದು. ಸರದಿಯನ್ನು ಮಾತ್ರ ದಿನದಿನವೂ ಕಾಯಬೇಕು.

ಶಬ್ದಾರ್ಥ

ಹಗೇವು – ಧಾನ್ಯವನ್ನು ಶೇಖರಿಸಿಡುವ ನೆಲಗುಳಿ
ಊರ್ಜಿತ – ಏಳಿಗೆ ಹೊಂದಿದ, ಬಲಗೊಂಡ
ಪಾಶ್ಚರೀಕರಣ – ಹಾಲನ್ನು ನಿಗದಿಯಾದ ಉಷ್ಣಕ್ಕೆ ಕಾಯಿಸಿ ರೋಗಾಣುಗಳನ್ನು ನಾಶಮಾಡಿ ತಂಪುಗೊಳಿಸುವ ವಿಧಾನ
ಗಂಧಕಾಮ್ಲ – ಗಂಧಕದಿಂದಾದ ತೀಕ್ಷ್ಣವಾದ ಆಮ್ಲ
ಬುನಾದಿ – ತಳಹದಿ
ಪಾರದರ್ಶಕ – ಒಳಗಿನದು ಕಾಣುವಂತಹ, ಮುಚ್ಚುಮರೆಯಿಲ್ಲದ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ಖೇಡಾ ಜಿಲ್ಲೆಯ ಒಕ್ಕೂಟವು ನೋಂದಣಿಯಾದುದು ಎಂದು?
2. ಎಮ್ಮೆಯ ಹಾಲನ್ನು ಪುಡಿಮಾಡಬಹುದೆಂದು ತೋರಿಸಿದವರು ಯಾರು?
3. ಮೆಕ್ಕಾಲಮ್ ಸಿದ್ಧಪಡಿಸಿದ ನಕ್ಷೆ ಯಾವ ಆಕಾರದಲ್ಲಿತ್ತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ:
1. ಹಾಲನ್ನು ಮಾರುವ ರೈತನಿಗೆ ಚೌಕಾಸಿ ಮಾಡುವ ಶಕ್ತಿ ಇರಲಿಲ್ಲವೇಕೆ?
2. ಜಿಡ್ಡಿನ ಪರೀಕ್ಷೆ ಹಳ್ಳಿಯಲ್ಲಿಯೇ ನಡೆಯಬೇಕಾದುದೇಕೆ?
3. ಶಾಸ್ತ್ರಿಯವರು ಖೇಡಾ ಜಿಲ್ಲೆಯಲ್ಲಿ ಮನಗಂಡ ಸತ್ಯವಾವುದು?

ಇ. ವಿವರವಾಗಿ ಉತ್ತರಿಸಿ:
1. ಸಂಘದ ನಿಯಮವು ಹೊಸ ತಂತ್ರವನ್ನು ಹುಟ್ಟಿಸಿದ ಬಗೆಯನ್ನು ವಿವರಿಸಿ.
2. ಆನಂದ್ ಮಾದರಿಯ ಮೂರು ಮೆಟ್ಟಿಲುಗಳನ್ನು ಕಾರಣಸಹಿತವಾಗಿ ವಿವರಿಸಿ.
3. ‘ಯಂತ್ರ ಸೂಕ್ಷ್ಮವಾದಷ್ಟೂ ವ್ಯವಸ್ಥೆ ಪಾರದರ್ಶಕವಾಗಬೇಕು’ – ಈ ಮಾತನ್ನು ಸಮರ್ಥಿಸಿ.

ಈ. ಭಾಷಾಭ್ಯಾಸ:
1. ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿ: ಊರೂರು, ಕ್ಷೀರಾಭಿವೃದ್ಧಿ, ಮನೆಯೊಂದರಲ್ಲಿ.
2. ‘ಹಾಲಿದ್ದಾಗಲೇ ಹಬ್ಬ ಮಾಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.

ಉ. ನಿಮ್ಮ ಊರಿನ ಅಥವಾ ಹತ್ತಿರದ ಹಾಲು ಉತ್ಪಾದಕರ ಸಂಘಕ್ಕೆ ಭೇಟಿಕೊಟ್ಟು, ಹಾಲನ್ನು ಅಳೆಯುವ, ಪರೀಕ್ಷಿಸುವ, ಹಣ ಕೊಡುವ ಕ್ರಮವನ್ನು ಗಮನಿಸಿ ಒಂದು ಪುಟದಷ್ಟು ಬರೆಯಿರಿ.